ಪಾತ್ರೆಯ ಗೋಡೆಗೆ ಗೊತ್ತಿದ್ದ ರಹಸ್ಯ

ಬಿಳಿ ರಂಜಕದ ಸ್ವಭಾವ ರಸಾಯನಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಗಾಳಿಗಿಟ್ಟರೆ ಹೊಗೆಯಾಡುತ್ತದೆ, ಕತ್ತಲಲ್ಲಿ ಹಸಿರು ಛಾಯೆಯ ಬೆಳಕು ಬೀರುತ್ತದೆ, ತುಸು ಬೆಚ್ಚಗಾದರೆ ತಾನೇ ಹೊತ್ತಿಕೊಳ್ಳುತ್ತದೆ. ಆದ್ದರಿಂದಲೇ ಅದನ್ನು ನೀರಿನಲ್ಲಿ ಮುಳುಗಿಸಿಡುತ್ತಾರೆ. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಮೂತ್ರವನ್ನು ಕುದಿಸಿ, ಬತ್ತಿಸಿ, ಸುಟ್ಟು ಈ ವಸ್ತುವನ್ನು ಕಂಡುಕೊಂಡ ದಿನದಿಂದಲೂ ಜನರನ್ನು ಮರುಳು ಮಾಡಿದ್ದು ಅದರ ಈ ಬೆಳಕೇ. ರಂಜಕ ಮತ್ತು ಆಮ್ಲಜನಕ ಎದುರಾದರೆ ಕೂಡಿಕೊಳ್ಳಲೇಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

1920ರ ದಶಕದ ನಡುವೆ ಲೆನಿನ್‌ಗ್ರಾಡಿನ ಭೌತ-ತಾಂತ್ರಿಕ ಸಂಸ್ಥೆಯ ಒಂದು ಪ್ರಯೋಗಾಲಯದಲ್ಲಿ ಅವೆರಡೂ ಎದುರಾದವು, ಕೂಡಿಕೊಳ್ಳಲಿಲ್ಲ. ಪ್ರಯೋಗ ಮಾಡುತ್ತಿದ್ದವರು ಜಿನೈದಾ ವಾಲ್ಟಾ ಮತ್ತು ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಯೂಲಿ ಖರಿಟೋನ್. ಪ್ರಯೋಗಾಲಯದ ಮುಖ್ಯಸ್ಥ ನಿಕೊಲಾಯ್ ನಿಕೊಲಾಯೆವಿಚ್ ಸೆಮ್ಯೊನೋವ್ ಅವರಿಗೂ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಈ ಪ್ರಯೋಗದಲ್ಲಿ ಇವರ ಗಮನ ರಸಾಯನ ಕ್ರಿಯೆಯ ಮೇಲಿರಲಿಲ್ಲ. ಮೂವರೂ ಭೌತವಿಜ್ಞಾನದ ಕಡೆಯವರು. ರಂಜಕ ಉರಿಯುವಾಗ ಹೊರಬರುವ ಶಕ್ತಿಯಲ್ಲಿ ಎಷ್ಟು ಪಾಲು ಬೆಳಕಾಗುತ್ತದೆ ಎಂದು ಅಳೆಯುವುದಷ್ಟೇ ಅವರ ಉದ್ದೇಶ. ಅದಕ್ಕಾಗಿ ಗಾಳಿಯನ್ನೆಲ್ಲ ಹೊರತೆಗೆದ ಗಾಜಿನ ಪಾತ್ರೆಯಲ್ಲಿ ರಂಜಕದ ಆವಿ ತುಂಬಿ, ಕೂದಲೆಳೆಯಂಥ ನಳಿಕೆಯ ಮೂಲಕ ಆಮ್ಲಜನಕವನ್ನು ಇಷ್ಟಿಷ್ಟೇ ಒಳಬಿಟ್ಟರು.

ಪಾತ್ರೆ ಕತ್ತಲಾಗಿಯೇ ಉಳಿಯಿತು. ಆಮ್ಲಜನಕ ಒಳಬರುತ್ತಲೇ ಇತ್ತು, ಒತ್ತಡ ಏರುತ್ತಲೇ ಇತ್ತು, ಬೆಳಕು ಮಾತ್ರ ಇಲ್ಲ. ಒತ್ತಡ ಒಂದು ನಿರ್ದಿಷ್ಟ ಮಟ್ಟ ಮುಟ್ಟಿದ್ದೇ ತಡ, ಪಾತ್ರೆ ತಟ್ಟನೆ ಹೊಳೆಯಿತು. ಆ ಮಟ್ಟವಾದರೂ ಎಷ್ಟು? ನಾವು ಉಸಿರಾಡುವ ಗಾಳಿಯ ಒತ್ತಡದ ಸಾವಿರದಲ್ಲೊಂದು ಪಾಲಿಗಿಂತಲೂ ಬಹಳ ಕಡಿಮೆ. ಒಮ್ಮೆ ಹೊಳೆಯತೊಡಗಿದ ಮೇಲೆ ಒತ್ತಡ ಅಲ್ಲಿಗೇ ನಿಂತಿತು, ಏಕೆಂದರೆ ಒಳಬಂದಷ್ಟು ಆಮ್ಲಜನಕವೂ ಖರ್ಚಾಗುತ್ತಿತ್ತು. ನಳಿಕೆ ಮುಚ್ಚಿದರೆ ಬೆಳಕು ನಂದುತ್ತಿತ್ತು, ಆದರೆ ಪಾತ್ರೆಯೊಳಗೆ ಸ್ವಲ್ಪ ಆಮ್ಲಜನಕ ಉಳಿದೇ ಇರುತ್ತಿತ್ತು. ಉರಿಯಲು ಹಾತೊರೆಯುವ ಆವಿಯ ಜೊತೆಗೇ ಇದ್ದೂ ಅದು ಏನನ್ನೂ ಮಾಡುತ್ತಿರಲಿಲ್ಲ. ಅದಕ್ಕಿಂತಲೂ ವಿಚಿತ್ರ ಎಂದರೆ, ಹೀಗೆ ಸುಮ್ಮನಿದ್ದ ಮಿಶ್ರಣಕ್ಕೆ ಆರ್ಗಾನ್ ಅನಿಲ ಬಿಟ್ಟಾಗ ಅದು ಹೊಳೆಯಿತು. ಆರ್ಗಾನ್ ಯಾರ ಗೊಡವೆಗೂ ಹೋಗದ ಜಡ ಅನಿಲ. ಅದು ಬಂದು ಬೆಂಕಿ ಹಚ್ಚುವುದೆಂದರೇನು?

1926ರಲ್ಲಿ ಈ ಫಲಿತಾಂಶ ಜರ್ಮನಿಯ ಭೌತವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಬರ್ಲಿನ್ನಿನಿಂದ ಮ್ಯಾಕ್ಸ್ ಬೋಡೆನ್‌ಸ್ಟೈನ್ ಉತ್ತರ ಕೊಟ್ಟರು: ಇದು ರಸಾಯನವಲ್ಲ, ಉಪಕರಣದ ಭ್ರಮೆ. ಬೋಡೆನ್‌ಸ್ಟೈನ್ ಸಾಮಾನ್ಯರಲ್ಲ. ರಾಸಾಯನಿಕ ಕ್ರಿಯೆಗಳ ವೇಗವನ್ನು ಅಳೆಯುವ ಶಾಸ್ತ್ರದಲ್ಲಿ ಆಗ ಅವರೇ ಹಿರಿಯಜ್ಜ. ಅವರ ಆಕ್ಷೇಪಣೆಗೆ ಬಲವಾದ ಆಧಾರವೂ ಇತ್ತು. ಅಂದಿನ ತಿಳಿವಳಿಕೆಯಂತೆ ಆಮ್ಲಜನಕ ಕಡಿಮೆಯಾದರೆ ಕ್ರಿಯೆ ನಿಧಾನವಾಗಬೇಕು, ಇನ್ನೂ ಕಡಿಮೆಯಾದರೆ ಇನ್ನೂ ನಿಧಾನವಾಗಬೇಕು. ಒಂದು ಗೆರೆಯ ಈಚೆ ಪೂರ್ತಿ ನಿಂತು, ಆಚೆ ಭುಗಿಲ್ ಎನ್ನುವ ಕ್ರಿಯೆಯನ್ನು ಯಾವ ಸಮೀಕರಣವೂ ಒಪ್ಪುತ್ತಿರಲಿಲ್ಲ. ಇಂಥ ಗುರುವೊಬ್ಬರು ತಪ್ಪು ಎಂದಾಗ ಹೆಚ್ಚಿನ ಯುವಕರು ಪ್ರಯೋಗವನ್ನು ಬದಿಗಿಟ್ಟು ಬೇರೆ ವಿಷಯ ಹಿಡಿಯುತ್ತಾರೆ. ಸೆಮ್ಯೊನೋವ್ ಹಾಗೆ ಮಾಡದೆ ಇದ್ದದ್ದಕ್ಕೆ ಅವರು ಅಲ್ಲಿಯವರೆಗೆ ನಡೆದುಬಂದ ದಾರಿಯೂ ಸ್ವಲ್ಪ ಕಾರಣವಿರಬೇಕು.

ಅವರು ಹುಟ್ಟಿದ್ದು 1896ರಲ್ಲಿ, ವೋಲ್ಗಾ ದಡದ ಸರಾತೋವ್‌ನಲ್ಲಿ. ಶಾಲಾ ಹುಡುಗನಾಗಿದ್ದಾಗ, ಮೆತ್ತನೆಯ ಲೋಹ ಸೋಡಿಯಂ ಮತ್ತು ವಿಷಾನಿಲ ಕ್ಲೋರಿನ್ ಸೇರಿ ಅಡುಗೆ ಉಪ್ಪಾಗುತ್ತದೆ ಎಂದು ಓದಿ ನಂಬಲಾಗದೆ, ತಾನೇ ಸೋಡಿಯಮ್ಮಿನ ಚೂರೊಂದನ್ನು ಕ್ಲೋರಿನ್ನಿನಲ್ಲಿ ಉರಿಸಿ, ಉಳಿದ ಪುಡಿಯನ್ನು ಬ್ರೆಡ್ಡಿನ ಮೇಲೆ ಉದುರಿಸಿ ತಿಂದನಂತೆ. ಪುಸ್ತಕದ ಮಾತಿಗಿಂತ ನಾಲಿಗೆಯನ್ನು ನಂಬಿದ ಈ ಹುಡುಗ ಮುಂದೆ ರಸಾಯನಶಾಸ್ತ್ರವನ್ನು ಅರ್ಥ ಮಾಡಿಕೊಳ್ಳಬೇಕೆಂದೇ ಭೌತವಿಜ್ಞಾನಕ್ಕೆ ಸೇರಿದ. ಪೆಟ್ರೋಗ್ರಾಡ್ (ಮುಂದಿನ ಲೆನಿನ್‌ಗ್ರಾಡ್) ವಿಶ್ವವಿದ್ಯಾಲಯದಲ್ಲಿ ಗುರುವಾಗಿ ಸಿಕ್ಕವರು ಅಬ್ರಾಂ ಯೊಫ್ಫೆ. ಸೋವಿಯತ್ ಭೌತವಿಜ್ಞಾನದ ಅರ್ಧ ವಂಶವೃಕ್ಷ ಯೊಫ್ಫೆಯವರಿಂದಲೇ ಕವಲೊಡೆಯುತ್ತದೆ ಎಂದರೂ ತಪ್ಪಿಲ್ಲ.

ಪದವಿ ಮುಗಿದದ್ದು 1917ರಲ್ಲಿ, ಕ್ರಾಂತಿಯ ವರ್ಷ. ಮರುವರ್ಷ ಹೆತ್ತವರಿದ್ದ ಸಮಾರಾಕ್ಕೆ ಹೋದ ಸೆಮ್ಯೊನೋವ್ ಅಲ್ಲಿ ಬೊಲ್ಷೆವಿಕರ ವಿರುದ್ಧ ಎದ್ದ ಸರ್ಕಾರದ ಸೈನ್ಯಕ್ಕೆ ಫಿರಂಗಿ ದಳದ ಸಿಪಾಯಿಯಾಗಿ ಸೇರಿಕೊಂಡರು. ಸ್ವಲ್ಪ ದಿನಗಳಲ್ಲೇ ಅಲ್ಲಿಂದ ಜಾರಿಕೊಂಡು ಸೈಬೀರಿಯದ ಟಾಮ್ಸ್ಕ್ ತಲುಪಿದರು, ಪಾಠ ಹೇಳಿದರು, ಮತ್ತೆ ಬೊಲ್ಷೆವಿಕ್ ವಿರೋಧಿ ಬಿಳಿ ಪಡೆಗಳ ನಾಯಕ ಕೊಲ್ಚಾಕ್‌ನ ಸೈನ್ಯ ಅವರನ್ನು ಎಳೆದುಕೊಂಡಿತು. ಗೆದ್ದವರ ದೇಶದಲ್ಲಿ ಸೋತವರ ಸಮವಸ್ತ್ರ ತೊಟ್ಟವನ ಪಾಡೇನು ಎಂಬುದು ಮುಂದಿನ ಮೂವತ್ತು ವರ್ಷ ಅವರ ಬೆನ್ನ ಹಿಂದೆ ನಿಂತೇ ಇದ್ದ ಪ್ರಶ್ನೆ. 1920ರಲ್ಲಿ ಯೊಫ್ಫೆ ಕರೆದರು, ಸೆಮ್ಯೊನೋವ್ ಪೆಟ್ರೋಗ್ರಾಡಿಗೆ ಮರಳಿದರು. ಇಪ್ಪತ್ತನಾಲ್ಕನೇ ವಯಸ್ಸಿಗೆ ಎಲೆಕ್ಟ್ರಾನ್ ವಿದ್ಯಮಾನಗಳ ಪ್ರಯೋಗಾಲಯ ಅವರ ಕೈಗೆ ಬಂತು.

ಊರಿನಲ್ಲಿ ಕೂಳಿಗೆ ಬರ, ಕಟ್ಟಿಗೆಗೆ ಬರ. ಅದೇ ಕಾಲದಲ್ಲಿ ಸೆಮ್ಯೊನೋವ್ ಮತ್ತು ಗೆಳೆಯ ಪ್ಯೋತ್ರ್ ಕಪಿತ್ಸಾ ಸೇರಿ ಒಂದು ಪ್ರಯೋಗದ ಯೋಜನೆ ಬರೆದರು: ಏಕರೂಪವಲ್ಲದ ಕಾಂತಕ್ಷೇತ್ರದ ಮೂಲಕ ಪರಮಾಣುಗಳ ಕಿರಣ ಹಾಯಿಸಿ ಅವುಗಳ ಕಾಂತಗುಣವನ್ನು ಅಳೆಯಬಹುದು ಎಂದು. ಅಂಥದೇ ಪ್ರಯೋಗವನ್ನು 1922ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಮಾಡಿ ತೋರಿಸಿ ಸ್ಟರ್ನ್ ಮತ್ತು ಗೆರ್ಲಾಕ್ ಹೆಸರಾದರು. ಇವರ ಬಳಿ ಇದ್ದದ್ದು ಕಾಗದ, ಪೆನ್ಸಿಲ್ಲು, ಹುಮ್ಮಸ್ಸು. ಆ ಹುಮ್ಮಸ್ಸಿಗೆ ಸಾಕ್ಷಿಯಾಗಿ ಒಂದು ಚಿತ್ರ ಉಳಿದಿದೆ. 1921ರಲ್ಲಿ ಇಬ್ಬರೂ ಪ್ರಸಿದ್ಧ ಕಲಾವಿದ ಬೊರಿಸ್ ಕುಸ್ತೊದಿಯೆವ್ ಬಳಿ ಹೋಗಿ, ನೀವು ಹೆಸರಾದವರ ಚಿತ್ರ ಬರೆಯುತ್ತೀರಿ, ನಾವು ಮುಂದೆ ಹೆಸರಾಗುವವರು, ನಮ್ಮದನ್ನೂ ಬರೆಯಿರಿ ಎಂದು ಕೇಳಿದರಂತೆ. ಕಾಲುಗಳ ಸ್ವಾಧೀನ ತಪ್ಪಿ ಗಾಲಿಕುರ್ಚಿ ಹಿಡಿದಿದ್ದ ಕುಸ್ತೊದಿಯೆವ್ ನಕ್ಕು ಒಪ್ಪಿದರು. ಸಂಭಾವನೆ ಒಂದು ಹುಂಜ ಮತ್ತು ಒಂದು ಚೀಲ ಧಾನ್ಯ. ಆ ಬರಗಾಲದಲ್ಲಿ ಅದು ಕಡಿಮೆ ಸಂಭಾವನೆಯಲ್ಲ. ಎಕ್ಸ್-ರೇ ನಳಿಕೆಯೊಂದಿಗೆ ಕೂತ ಇಬ್ಬರು ಹುಡುಗರ ಆ ಚಿತ್ರದಲ್ಲಿರುವವರ ಪೈಕಿ ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1978ರಲ್ಲಿ ನೊಬೆಲ್ ಬಂತು. ಹೀಗೆ ಹೇಳಿ ಸಾಧಿಸಿದವರ ಕಥೆಗಳೇ ನಮಗೆ ಸಿಗುತ್ತವೆ, ಹೇಳಿ ಸಾಧಿಸದೆ ಹೋದವರ ಚಿತ್ರ ಯಾರೂ ಗೋಡೆಗೆ ತೂಗುಹಾಕುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಈಗ ರಂಜಕಕ್ಕೆ ಮರಳೋಣ. ಬೋಡೆನ್‌ಸ್ಟೈನ್ ಟೀಕೆ ಬರುವ ಹೊತ್ತಿಗೆ ಖರಿಟೋನ್ ರುದರ್‌ಫೋರ್ಡ್ ಬಳಿ ಕಲಿಯಲು ಕೇಂಬ್ರಿಜ್‌ಗೆ ಹೋಗಿದ್ದರು. ಸೆಮ್ಯೊನೋವ್ ತಾವೇ ಪ್ರಯೋಗಕ್ಕೆ ಕೂತರು, ಜೊತೆಗೆ ಅಲೆಕ್ಸಾಂಡರ್ ಶಾಲ್ನಿಕೋವ್. ಟೀಕಾಕಾರರು ಎಲ್ಲೆಲ್ಲಿ ಬೆರಳಿಟ್ಟಿದ್ದರೋ ಉಪಕರಣದ ಆ ಭಾಗಗಳನ್ನೆಲ್ಲ ಬದಲಿಸಿದರು. ಗೆರೆ ಅಳಿಸಿಹೋಗಲಿಲ್ಲ, ಇನ್ನಷ್ಟು ಸ್ಪಷ್ಟವಾಯಿತು. ಅಷ್ಟೇ ಅಲ್ಲ, ಯಾರೂ ಕೇಳಿರದ ಇನ್ನೊಂದು ಸಂಗತಿ ಹೊರಬಿತ್ತು: ಪಾತ್ರೆ ದೊಡ್ಡದಾದಷ್ಟೂ ಆ ನಿರ್ಣಾಯಕ ಒತ್ತಡ ಇಳಿಯುತ್ತದೆ.

ಇಡೀ ಕಥೆಯ ಕೀಲಿಕೈ ಇಲ್ಲಿದೆ ಎಂದು ನನಗನ್ನಿಸುತ್ತದೆ. ರಸಾಯನಜ್ಞನ ಕಣ್ಣಿಗೆ ಪಾತ್ರೆ ಲೆಕ್ಕಕ್ಕಿಲ್ಲ. ಒಳಗಿನ ಪದಾರ್ಥ ಏನು, ಎಷ್ಟು, ಎಷ್ಟು ಬಿಸಿ ಎಂಬುದು ಅವನ ಪ್ರಶ್ನೆ. ಅಣುಗಳಿಗೆ ತಾವು ಸಣ್ಣ ಪಾತ್ರೆಯಲ್ಲಿದ್ದೇವೋ ದೊಡ್ಡ ಪಾತ್ರೆಯಲ್ಲಿದ್ದೇವೋ ಹೇಗೆ ಗೊತ್ತಾಗಬೇಕು? ಗೊತ್ತಾಗುವ ದಾರಿ ಒಂದೇ. ಯಾವುದೋ ಕಣ ನಡುವಿನಿಂದ ಹೊರಟು ಗೋಡೆಯನ್ನು ಮುಟ್ಟಬೇಕು, ಮುಟ್ಟಿದಾಗ ಅದಕ್ಕೆ ಏನೋ ಆಗಬೇಕು. ವಿರಳ ಅನಿಲಗಳ ಭೌತವಿಜ್ಞಾನದಲ್ಲಿ ಪಳಗಿದವರಿಗೆ ಈ ಯೋಚನೆ ಸಹಜವಾಗಿ ಬರುತ್ತದೆ.

ಸರಪಳಿ ಕ್ರಿಯೆ ಎಂಬ ಕಲ್ಪನೆ ಆಗ ಹೊಸದೇನಲ್ಲ. 1913ರಲ್ಲಿ ಅದನ್ನು ಮೊದಲು ಮುಂದಿಟ್ಟವರು ಸ್ವತಃ ಬೋಡೆನ್‌ಸ್ಟೈನ್. ಜಲಜನಕ ಮತ್ತು ಕ್ಲೋರಿನ್ ಮಿಶ್ರಣದ ಮೇಲೆ ಬೆಳಕು ಬಿದ್ದರೆ, ಬೆಳಕಿನ ಒಂದೊಂದು ಕಣಕ್ಕೆ ಲಕ್ಷಾಂತರ ಅಣುಗಳು ಹುಟ್ಟುತ್ತವೆ. ಏಕೆ? 1918ರಲ್ಲಿ ಜರ್ಮನ್ ರಸಾಯನಜ್ಞ ನೆರ್ನ್ಸ್ಟ್ ಬಿಡಿಸಿ ಹೇಳಿದರು: ಬೆಳಕು ಒಂದು ಕ್ಲೋರಿನ್ ಪರಮಾಣುವನ್ನು ಬಿಡಿಸುತ್ತದೆ, ಅದು ಜಲಜನಕದ ಅಣುವನ್ನು ಒಡೆದು ಒಂದು ಜಲಜನಕ ಪರಮಾಣುವನ್ನು ಬಿಡಿಸುತ್ತದೆ, ಅದು ಮತ್ತೆ ಕ್ಲೋರಿನ್ ಅಣುವನ್ನು ಒಡೆಯುತ್ತದೆ. ಒಂದು ಹೋಗಿ ಇನ್ನೊಂದು, ಸಂಖ್ಯೆ ಬೆಳೆಯುವುದಿಲ್ಲ. ನಮ್ಮ ಪಿಯುಸಿ ರಸಾಯನಶಾಸ್ತ್ರದಲ್ಲಿ ಮೀಥೇನ್ ಮತ್ತು ಕ್ಲೋರಿನ್ ಕ್ರಿಯೆಯ ಆರಂಭ, ಮುಂದುವರಿಕೆ, ಮುಕ್ತಾಯ ಎಂದು ಮಕ್ಕಳು ಕಂಠಪಾಠ ಮಾಡುವುದು ಈ ಬಗೆಯ ಸರಪಳಿಯನ್ನೇ.

ಸೆಮ್ಯೊನೋವ್ ಕೇಳಿದ್ದು, ಸರಪಳಿ ಕವಲೊಡೆದರೆ ಏನಾಗುತ್ತದೆ ಎಂದು. ಜಾತ್ರೆಯಲ್ಲಿ ಹಬ್ಬುವ ಗಾಳಿಮಾತನ್ನು ನೆನೆಸಿಕೊಳ್ಳಿ. ಕೇಳಿದ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಮಾತ್ರ ಹೇಳಿದರೆ ಮಾತು ಊರೂರು ಅಲೆದೀತು, ಗದ್ದಲವಾಗದು. ಪ್ರತಿಯೊಬ್ಬರೂ ಮೂವರಿಗೆ ಹೇಳಿದರೆ ಅರ್ಧ ಗಂಟೆಯಲ್ಲಿ ನೂಕುನುಗ್ಗಲು. ಆದರೆ ಜಾತ್ರೆಯ ಸುತ್ತ ಕೇಳಿದ್ದನ್ನು ನುಂಗಿಕೊಂಡು ಸುಮ್ಮನಿರುವ ಹಿರಿಯರು ಕೂತಿದ್ದಾರೆ ಎನ್ನಿ. ಬಯಲು ಸಣ್ಣದಾದರೆ ಮಾತು ಬೇಗ ಅವರ ಕಿವಿಗೆ ಬಿದ್ದು ಅಲ್ಲೇ ಸಾಯುತ್ತದೆ, ದೊಡ್ಡದಾದರೆ ಅವರನ್ನು ತಲುಪುವಷ್ಟರಲ್ಲಿ ಹತ್ತು ಪಾಲು ಹೆಚ್ಚಿರುತ್ತದೆ. ಆ ಹಿರಿಯರೇ ಪಾತ್ರೆಯ ಗೋಡೆ. ಕ್ರಿಯಾಶೀಲ ಪರಮಾಣು ಗೋಡೆಗೆ ತಾಗಿದರೆ ಅಂಟಿಕೊಂಡು ಸತ್ತುಹೋಗುತ್ತದೆ. ಒತ್ತಡ ಕಡಿಮೆಯಿದ್ದಾಗ ದಾರಿಯಲ್ಲಿ ಅಡ್ಡಬರುವ ಅಣುಗಳು ವಿರಳ, ಆದ್ದರಿಂದ ಗೋಡೆ ಹತ್ತಿರ. ಜಡ ಆರ್ಗಾನ್ ಬೆಂಕಿ ಹಚ್ಚಿದ ಒಗಟೂ ಹೀಗೇ ಬಿಡುತ್ತದೆ. ಅದು ಕ್ರಿಯೆಯಲ್ಲಿ ಭಾಗವಹಿಸಲೇ ಇಲ್ಲ, ಕ್ರಿಯಾಶೀಲ ಪರಮಾಣುಗಳು ಗೋಡೆಗೆ ಹೋಗುವ ದಾರಿಯಲ್ಲಿ ನೂಕುನುಗ್ಗಲು ಹೆಚ್ಚಿಸಿ ಅವುಗಳ ಆಯುಸ್ಸು ಬೆಳೆಸಿತು, ಅಷ್ಟೆ.

ಜಲಜನಕ ಮತ್ತು ಆಮ್ಲಜನಕದ ಸ್ಫೋಟದಲ್ಲಿ ಲೆಕ್ಕ ಇನ್ನೂ ಸ್ಫುಟವಾಗಿದೆ. ಒಂಟಿ ಜಲಜನಕ ಪರಮಾಣು ಆಮ್ಲಜನಕದ ಅಣುವನ್ನು ಒಡೆದರೆ ಒಂದು ಹೈಡ್ರಾಕ್ಸಿಲ್ ಮತ್ತು ಒಂದು ಆಮ್ಲಜನಕ ಪರಮಾಣು ಸಿಗುತ್ತವೆ. ಅವು ಸುತ್ತಲಿನ ಜಲಜನಕದ ಅಣುಗಳನ್ನು ಒಡೆಯುತ್ತ ಹೋಗಿ, ಒಂದು ಸುತ್ತು ಮುಗಿಯುವಾಗ ನೀರಿನ ಎರಡು ಅಣುಗಳ ಜೊತೆಗೆ ಒಂದರ ಬದಲು ಮೂರು ಜಲಜನಕ ಪರಮಾಣುಗಳು ಕೈಗೆ ಬಂದಿರುತ್ತವೆ. ಒಂದು ಮೂರಾಗಿ, ಮೂರು ಒಂಬತ್ತಾಗಿ, ಇಪ್ಪತ್ತು ಸುತ್ತಿನಲ್ಲಿ ಸುಮಾರು 349 ಕೋಟಿ. ಸೆಮ್ಯೊನೋವ್ ಸಿದ್ಧಾಂತದ ತಿರುಳು ಇದನ್ನು ಒಂದೇ ವ್ಯವಕಲನಕ್ಕೆ ಇಳಿಸಿದ್ದು: ಕವಲೊಡೆಯುವ ವೇಗದಿಂದ ಸಾಯುವ ವೇಗವನ್ನು ಕಳೆಯಿರಿ. ಉತ್ತರ ಸೊನ್ನೆಗಿಂತ ಕೂದಲೆಳೆಯಷ್ಟು ಕೆಳಗಿದ್ದರೆ ಏನೂ ಆಗದು, ಕೂದಲೆಳೆಯಷ್ಟು ಮೇಲಿದ್ದರೆ ಸ್ಫೋಟ. ನಡುವೆ ಮಧ್ಯಮ ಮಾರ್ಗವಿಲ್ಲ. ಬೋಡೆನ್‌ಸ್ಟೈನ್ ಅಸಾಧ್ಯವೆಂದ ಗೆರೆ ಈ ವ್ಯವಕಲನದ ಸೊನ್ನೆಯೇ.

ಒತ್ತಡವನ್ನು ತುಂಬಾ ಏರಿಸಿದರೂ ಕ್ರಿಯೆ ನಿಲ್ಲಬಹುದು ಎಂಬುದು ಇನ್ನೊಂದು ಸೋಜಿಗ. ಸಾಮಾನ್ಯ ಒತ್ತಡದ ಶುದ್ಧ ಆಮ್ಲಜನಕದಲ್ಲಿ ರಂಜಕ ಹೊಳೆಯುವುದಿಲ್ಲ ಎಂಬ ಹಳೆಯ ಗಮನಿಕೆಗೆ ಹತ್ತೊಂಬತ್ತನೇ ಶತಮಾನದಲ್ಲಿ ಯಾರಿಗೂ ಕಾರಣ ಸಿಕ್ಕಿರಲಿಲ್ಲ. ಅಲ್ಲಿ ಕ್ರಿಯಾಶೀಲ ಕಣಗಳನ್ನು ಕೊಲ್ಲುವುದು ಗೋಡೆಯಲ್ಲ, ಅನಿಲದ ನಡುವೆಯೇ ಆಗುವ ಡಿಕ್ಕಿಗಳು. ಆಕ್ಸ್‌ಫರ್ಡಿನ ಸಿರಿಲ್ ಹಿನ್‌ಶೆಲ್‌ವುಡ್ 1928ರಲ್ಲಿ ಜಲಜನಕ-ಆಮ್ಲಜನಕ ಮಿಶ್ರಣದಲ್ಲಿ ಇಂಥ ಮೇಲಿನ ಮಿತಿಯನ್ನು ತೋರಿಸಿದರು. ಉಷ್ಣತೆ ಮತ್ತು ಒತ್ತಡದ ನಕ್ಷೆಯಲ್ಲಿ ಸ್ಫೋಟದ ಪ್ರದೇಶ ಪರ್ಯಾಯದ್ವೀಪದಂತೆ ಚಾಚಿಕೊಂಡಿರುತ್ತದೆ, ಕೆಳಗೂ ನಿಶ್ಶಬ್ದ, ಮೇಲೂ ನಿಶ್ಶಬ್ದ. ಸೆಮ್ಯೊನೋವ್ ಮತ್ತು ಹಿನ್‌ಶೆಲ್‌ವುಡ್ ಪೈಪೋಟಿಗಿಳಿಯದೆ ಒಬ್ಬರ ಕೆಲಸದ ಮೇಲೊಬ್ಬರು ಕಟ್ಟುತ್ತ ಹೋದರು. ಬೋಡೆನ್‌ಸ್ಟೈನ್ ಕೂಡ ಹೊಸ ಪ್ರಯೋಗಗಳನ್ನು ನೋಡಿ ತಮ್ಮ ಆಕ್ಷೇಪಣೆಯನ್ನು ಹಿಂತೆಗೆದುಕೊಂಡರು. ಆ ಪೀಳಿಗೆಯ ದೊಡ್ಡತನ ಅದು.

1928ರಲ್ಲೇ ಸೆಮ್ಯೊನೋವ್ ಬೇರೊಂದು ಬಗೆಯ ಸ್ಫೋಟವನ್ನೂ ಲೆಕ್ಕಕ್ಕೆ ತಂದರು. ಕವಲೊಡೆಯದ ಕ್ರಿಯೆಯೂ ಶಾಖ ಹುಟ್ಟಿಸುತ್ತದೆ. ಹುಟ್ಟುವ ಶಾಖ ಹೊರಹೋಗುವ ಶಾಖಕ್ಕಿಂತ ಹೆಚ್ಚಾದರೆ ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತದೆ. ದೊಡ್ಡ ಕಲ್ಲಿದ್ದಲ ರಾಶಿ, ಒದ್ದೆ ಹುಲ್ಲಿನ ಬಣವೆ ಕಿಡಿ ಸೋಕದೆಯೂ ಹೊತ್ತಿಕೊಳ್ಳುವುದು ಈ ಲೆಕ್ಕದಿಂದ. ಇಲ್ಲೂ ಗಾತ್ರವೇ ನಿರ್ಣಾಯಕ. ಸಣ್ಣ ರಾಶಿ ತಣ್ಣಗಾಗುತ್ತದೆ, ದೊಡ್ಡ ರಾಶಿ ಉರಿಯುತ್ತದೆ.

1931ರಲ್ಲಿ ಅವರ ವಿಭಾಗ ರಾಸಾಯನಿಕ ಭೌತವಿಜ್ಞಾನ ಸಂಸ್ಥೆ ಎಂಬ ಪ್ರತ್ಯೇಕ ಸಂಸ್ಥೆಯಾಯಿತು. ಸಾಯುವವರೆಗೆ, ಅಂದರೆ ಐವತ್ತೈದು ವರ್ಷ, ಅದರ ನಿರ್ದೇಶಕರಾಗಿದ್ದವರು ಸೆಮ್ಯೊನೋವ್. ಅವರು ಜನರನ್ನು ಆರಿಸಿಕೊಳ್ಳುತ್ತಿದ್ದ ಪರಿ ಇಂದಿನ ಯಾವ ನೇಮಕಾತಿ ನಿಯಮಕ್ಕೂ ಒಗ್ಗದು. ಅದೇ 1931ರಲ್ಲಿ ಬೇರೊಂದು ಸಂಸ್ಥೆಯ ಹದಿನೇಳು ವರ್ಷದ ಪ್ರಯೋಗಾಲಯ ಸಹಾಯಕನೊಬ್ಬ ನೋಡಲು ಬಂದವರ ಗುಂಪಿನಲ್ಲಿ ಬಂದು, ಪ್ರಶ್ನೆ ಕೇಳಿ, ವಾದಕ್ಕೆ ನಿಂತ. ಅವನನ್ನು ಅಲ್ಲೇ ಉಳಿಸಿಕೊಂಡರು. ಎಣ್ಣೆ ಪಂಪೊಂದನ್ನು ಕೊಟ್ಟು ಬದಲಿಗೆ ಪಡೆದ ಹುಡುಗ ಎಂಬ ದಂತಕಥೆ ಅವನ ಬೆನ್ನಿಗಂಟಿತು. ವಿಶ್ವವಿದ್ಯಾಲಯದ ಪದವಿಯೇ ಇಲ್ಲದ ಆ ಹುಡುಗ ಯಾಕೋವ್ ಜೆಲ್ದೋವಿಚ್, ಮುಂದೆ ಸ್ಫೋಟದ ಸಿದ್ಧಾಂತದಿಂದ ಹಿಡಿದು ವಿಶ್ವದ ಉಗಮದವರೆಗೆ ಕೈಯಾಡಿಸಿದವರು. ಇನ್ನೊಬ್ಬರು ಸೈಬೀರಿಯದಲ್ಲಿ ಎಂಜಿನಿಯರ್ ಆಗಿದ್ದ ಡೇವಿಡ್ ಫ್ರಾಂಕ್-ಕಮೆನೆಟ್ಸ್ಕಿ. ಉಷ್ಣಗತಿಶಾಸ್ತ್ರದ ಬಗ್ಗೆ ಅವರು ಬರೆದ ಪತ್ರ ಓದಿಯೇ ಸೆಮ್ಯೊನೋವ್ ಕೆಲಸಕ್ಕೆ ಕರೆದರು. ಶಾಖಸ್ಫೋಟದ ಲೆಕ್ಕ ಇಂದು ಅವರ ಹೆಸರಿನಲ್ಲೂ ಇದೆ.

1938ರ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಯುರೇನಿಯಂ ಪರಮಾಣು ಒಡೆಯಿತು. ಒಂದು ನ್ಯೂಟ್ರಾನ್ ಹೊಕ್ಕರೆ ಒಂದಕ್ಕಿಂತ ಹೆಚ್ಚು ಹೊರಬರುತ್ತವೆ ಎಂದು ಗೊತ್ತಾದಾಗ ಜೆಲ್ದೋವಿಚ್ ಮತ್ತು ಖರಿಟೋನ್ ಅವರಿಗೆ ಅದು ಮನೆಯ ಲೆಕ್ಕವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಕವಲೊಡೆಯುವುದೆಷ್ಟು, ಹೊರಗೆ ಸೋರಿಹೋಗುವುದೆಷ್ಟು, ಎಷ್ಟು ಗಾತ್ರಕ್ಕೆ ಸೊನ್ನೆಯ ಗೆರೆ ದಾಟುತ್ತದೆ? 1939 ಮತ್ತು 1940ರಲ್ಲಿ ಇಬ್ಬರೂ ಯುರೇನಿಯಂ ಸರಪಳಿಯ ಲೆಕ್ಕಗಳನ್ನು ಬಹಿರಂಗವಾಗಿಯೇ ಪ್ರಕಟಿಸಿದರು. ರಂಜಕದ ಪಾತ್ರೆಯ ಮುಂದೆ ಕೂತಿದ್ದ ಖರಿಟೋನ್ 1946ರಿಂದ ಸರೋವ್‌ನ ರಹಸ್ಯ ನಗರದಲ್ಲಿ ಸೋವಿಯತ್ ಅಣುಬಾಂಬಿನ ಮುಖ್ಯ ವಿನ್ಯಾಸಕರಾದರು. 1949ರ ಆಗಸ್ಟ್ 29ರಂದು ಮೊದಲ ಬಾಂಬ್ ಸಿಡಿಯಿತು. ಸೆಮ್ಯೊನೋವ್ ಅವರನ್ನು ಮಾತ್ರ ಆ ಯೋಜನೆಯ ಒಳಮನೆಗೆ ಬಿಡಲಿಲ್ಲ. ಸ್ಫೋಟವನ್ನು ಅಳೆಯುವ ಉಪಕರಣಗಳ ಹೊಣೆ ಅವರ ಸಂಸ್ಥೆಗೆ ಬಂತು. ಅಲ್ಲಿನವರೇ ಆದ ಮಿಖಾಯಿಲ್ ಸದೋವ್ಸ್ಕಿ ಪರೀಕ್ಷಾ ಮೈದಾನದ ವೈಜ್ಞಾನಿಕ ಹೊಣೆ ಹೊತ್ತರು. ಗುರು ಅಂಗಳದಲ್ಲಿ, ಶಿಷ್ಯರು ಗರ್ಭಗುಡಿಯಲ್ಲಿ.

ಅದೇ ಹೊತ್ತಿಗೆ ಮಾಸ್ಕೋ ವಿಶ್ವವಿದ್ಯಾಲಯದ ಭೌತವಿಜ್ಞಾನಿ ನಿಕೊಲಾಯ್ ಅಕುಲೋವ್, ಸೆಮ್ಯೊನೋವ್ ಮೇಲೆ ಹರಿಹಾಯ್ದರು. ಸರಪಳಿ ಸಿದ್ಧಾಂತ ಸೆಮ್ಯೊನೋವ್ ಅವರದಲ್ಲ, ಅವರು ವಿದೇಶಿಯರಿಗೆ ಮಣಿಯುವವರು ಎಂಬುದು ಆರೋಪ. ಸ್ಟಾಲಿನ್ ಕಾಲದ ಕೊನೆಯ ವರ್ಷಗಳಲ್ಲಿ ಇಂಥ ಮಾತು ಬರೀ ಮಾತಾಗಿರುತ್ತಿರಲಿಲ್ಲ, ಬಿಳಿ ಸೈನ್ಯದ ನೆನಪಿದ್ದವನಿಗಂತೂ ಅಲ್ಲ. ಅವರು ಉಳಿದುಕೊಂಡರು. 1956ರಲ್ಲಿ ಹಿನ್‌ಶೆಲ್‌ವುಡ್ ಜೊತೆಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಸೋವಿಯತ್ ಪ್ರಜೆಯೊಬ್ಬರಿಗೆ ಬಂದ ಮೊದಲ ನೊಬೆಲ್ ಅದು. ಅದರ ಹಿಂದೆ ಆಯ್ಕೆ ಸಮಿತಿ ನೋಡಿದ್ದು ಮೂವತ್ತು ವರ್ಷ ಹಳೆಯ ಕೆಲಸವನ್ನು.

ಮುಂದಿನ ಪದವಿ, ಪದಕಗಳ ಪಟ್ಟಿ ಉದ್ದವಿದೆ, ಅದನ್ನು ಇಲ್ಲಿ ಹಾಕುವುದು ಬೇಡ. ಎರಡು ಸಂಗತಿ ಸಾಕು. ಮಾಸ್ಕೋದ ಈಶಾನ್ಯಕ್ಕೆ ಚೆರ್ನೊಗೊಲೊವ್ಕಾ ಎಂಬಲ್ಲಿ ಸ್ಫೋಟಕಗಳ ಪರೀಕ್ಷೆಗೆಂದು ತಮ್ಮ ಸಂಸ್ಥೆಗೆ ಪಡೆದ ಜಾಗವನ್ನು ಅವರು ವಿಜ್ಞಾನದ ಊರನ್ನಾಗಿ ಬೆಳೆಸಿದರು. ತಳಿವಿಜ್ಞಾನವನ್ನು ದಶಕಗಳ ಕಾಲ ತುಳಿದಿಟ್ಟಿದ್ದ ಲೈಸೆಂಕೊ ವಿರುದ್ಧ 1965ರಲ್ಲಿ ಬಹಿರಂಗವಾಗಿ ಬರೆದರು. ಲೈಸೆಂಕೊ ಬೆನ್ನಿಗಿದ್ದ ಕ್ರುಶ್ಚೇವ್ ಆಗಲೇ ಅಧಿಕಾರ ಕಳೆದುಕೊಂಡಾಗಿತ್ತು, ಹಾಗಾಗಿ ಅದನ್ನು ಮಹಾ ಸಾಹಸ ಎನ್ನಲಾರೆ. ಆದರೂ ವಿಜ್ಞಾನ ಅಕಾಡೆಮಿಯ ಉಪಾಧ್ಯಕ್ಷರೊಬ್ಬರು ಅಷ್ಟು ನೇರವಾಗಿ ಬರೆದದ್ದರ ತೂಕ ಬೇರೆ.

ಅವರ ಸರಪಳಿಗಳು ನಮ್ಮ ಸುತ್ತ ಎಲ್ಲೆಲ್ಲೂ ಇವೆ. ಪಾಲಿಥೀನ್ ಚೀಲದ ಅಣು ಬೆಳೆಯುವುದು ಸರಪಳಿ ಕ್ರಿಯೆಯಿಂದ. ಎಂಜಿನ್ನಿನೊಳಗೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಟಕಟಕ ಬಡಿಯುವುದು ಕವಲೊಡೆದ ಸರಪಳಿಯ ಉಪದ್ರವ. ಅದನ್ನು ತಡೆಯಲು ಬೆರೆಸುತ್ತಿದ್ದ ಸೀಸದ ಸಂಯುಕ್ತ ಮಾಡುತ್ತಿದ್ದುದು ಸರಪಳಿಯನ್ನು ಕತ್ತರಿಸುವ ಕೆಲಸ. ಸೀಸ ವಿಷವೆಂದು ಭಾರತದಲ್ಲಿ ಅದು 2000ದಲ್ಲಿ ನಿಂತಿತು. ವಿಮಾನ, ಕಂಪ್ಯೂಟರ್ ಕೋಣೆಗಳಲ್ಲಿ ಬೆಂಕಿ ಆರಿಸಲು ಇಡುತ್ತಿದ್ದ ಹ್ಯಾಲಾನ್ ಅನಿಲವೂ ಅಂಥದೇ. ಅದರ ಬ್ರೋಮಿನ್ ಜ್ವಾಲೆಯೊಳಗಿನ ಜಲಜನಕ ಪರಮಾಣುಗಳನ್ನು ಹಿಡಿದು ಕಟ್ಟಿಹಾಕುತ್ತದೆ.

ಜ್ವಾಲೆಯಲ್ಲಿ ಸರಪಳಿ ಕತ್ತರಿಸುವ ಈ ಬ್ರೋಮಿನ್, ಮತ್ತು ಫ್ರಿಜ್ಜುಗಳಿಂದ ಹೊರಬಿದ್ದ ಕ್ಲೋರಿನ್, ಮೇಲೆ ವಾಯುಮಂಡಲದಲ್ಲಿ ತಾವೇ ಸರಪಳಿ ಹೂಡುತ್ತವೆ. ಕ್ಲೋರಿನ್ ಪರಮಾಣುವೊಂದು ಓಜೋನ್ ಅಣುವನ್ನು ಒಡೆದು, ಮತ್ತೆ ಬಿಡುಗಡೆಯಾಗಿ, ಇನ್ನೊಂದನ್ನು ಒಡೆಯುತ್ತ ಸಾವಿರಾರು ಅಣುಗಳನ್ನು ಮುಗಿಸುತ್ತದೆ ಎಂದು 1974ರಲ್ಲಿ ರಸಾಯನಜ್ಞರಾದ ಮೊಲಿನಾ ಮತ್ತು ರೋಲ್ಯಾಂಡ್ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಜೋನ್ ಕುಸಿತದ ವರದಿ ಬಂದಾಗ ಅದು ಯಾರ ಲೆಕ್ಕಕ್ಕಿಂತಲೂ ಹೆಚ್ಚಿತ್ತು. ಸೆಮ್ಯೊನೋವ್ ತೀರಿಕೊಂಡದ್ದು ಮರುವರ್ಷ, 1986ರ ಸೆಪ್ಟೆಂಬರ್ 25ರಂದು. ಲೆಕ್ಕ ತಪ್ಪಿದ್ದೆಲ್ಲಿ ಎಂದು ಆಮೇಲೆ ಹುಡುಕಿದಾಗ ಸಿಕ್ಕದ್ದು ಮತ್ತೆ ಒಂದು ಮೇಲ್ಮೈ. ಧ್ರುವದ ಚಳಿಯಲ್ಲಿ ಹುಟ್ಟುವ ಹಿಮಮೋಡಗಳ ಕಣಗಳ ಮೇಲೆ, ನಿರುಪದ್ರವಿಯಾಗಿ ಕಟ್ಟಿಹಾಕಿಕೊಂಡಿದ್ದ ಕ್ಲೋರಿನ್ ಬಿಡಿಸಿಕೊಳ್ಳುತ್ತಿತ್ತು. ರಂಜಕದ ಪಾತ್ರೆಯಲ್ಲಿ ಗೋಡೆ ಸರಪಳಿಯನ್ನು ಕೊಂದಿತ್ತು. ಇಲ್ಲಿ ಮೇಲ್ಮೈ ಅದಕ್ಕೆ ಹೊಸ ಕಣಗಳನ್ನು ಒದಗಿಸುತ್ತಿತ್ತು.